ತೀರ್ಥಹಳ್ಳಿಯ ಏರಿಳಿತದಲ್ಲಿ 42 ಕಿಲೋಮೀಟರ್: ಕಾರು ಓಡಿಸಿಕೊಂಡು ಹೋಗಿ, ಓಡಿ, ವಾಪಸ್ ಬಂದದ್ದು

ಸಣ್ಣ ಊರಿನ ಮ್ಯಾರಥಾನ್‌ಗಳಿಗೆ ಗುಂಪು ಕಟ್ಟಿಕೊಂಡು ಹೋಗುವವರೇ ಜಾಸ್ತಿ. ನಾನು ಒಬ್ಬಳೇ ಹೋಗುತ್ತೇನೆ, ನಮ್ಮ ಹಳೇ ಆಲ್ಟೊದಲ್ಲೇ ಹೋಗುತ್ತೇನೆ. ಹೋದ ಡಿಸೆಂಬರಿನಲ್ಲಿ ತುಮಕೂರಿನಿಂದ ತೀರ್ಥಹಳ್ಳಿ ಕಡೆಗೆ ಹೋಗಿ ಫುಲ್ ಮ್ಯಾರಥಾನ್ ಓಡಿ ಬಂದೆ. ಬಂದ ಮೇಲೆ ಇಲ್ಲಿ ಜೊತೆಗೆ ಓಡುವ ಹೆಣ್ಣುಮಕ್ಕಳು ನನ್ನ ಟೈಮಿಂಗ್ ಕೇಳಲಿಲ್ಲ. "ಅಷ್ಟು ದೂರ ಓಡಿ, ಆ ಕಾಲಲ್ಲಿ ಕಾರು ಹೇಗೆ ಓಡಿಸಿದ್ರಿ ಅಕ್ಕ?" ಅಂದರು. ಸರಿಯಾದ ಪ್ರಶ್ನೆ. ನನ್ನ ತಯಾರಿ ಶುರುವಾಗಿದ್ದೇ ಆ ಪ್ರಶ್ನೆಯಿಂದ. ನನ್ನ ಲೆಕ್ಕದಲ್ಲಿ ಓಟ ಮುಗಿಯುವುದು ನಮ್ಮ ಮನೆ ಗೇಟಿನ ಹತ್ತಿರ. ಕಾಲಿನ ಶಕ್ತಿಯನ್ನು ಅಲ್ಲಿಯವರೆಗೂ ಹಂಚಿಕೊಳ್ಳಬೇಕು.

ಕಾರೇ ಯಾಕೆ ಅಂದರೆ, ಓಟ ಶುರುವಾಗುವುದು ಬೆಳಗಿನ 5.30ಕ್ಕೆ, ಊರಾಚೆ ಒಂದು ಶಾಲೆಯ ಮೈದಾನದಲ್ಲಿ. ಶಿವಮೊಗ್ಗದವರೆಗೆ ರೈಲಿದೆ, ಅಲ್ಲಿಂದ ತೀರ್ಥಹಳ್ಳಿಗೆ 60 ಕಿ.ಮೀ. ಬಸ್ಸೂ ಇದೆ. ಆದರೆ ಅಷ್ಟು ನಸುಕಿನಲ್ಲಿ ಮೈದಾನ ಮುಟ್ಟಿಸುವವರು ಯಾರು? ಕಾರಿದ್ದರೆ ಅದೇ ಬಟ್ಟೆ ಬದಲಿಸುವ ಜಾಗ, ಅದೇ ಸುಮ್ನೆ ಹತ್ತು ನಿಮಿಷ ಕಣ್ಣು ಮುಚ್ಚುವ ಜಾಗ. ಒಬ್ಬಳೇ ಹೋಗುವ ಹೆಂಗಸಿಗೆ ಇದು ಸಣ್ಣ ಅನುಕೂಲ ಅಲ್ಲ.

ಮಲೆನಾಡು ಅಂದ ಕೂಡಲೇ ತುಂಬಾ ಎತ್ತರದ ಜಾಗ ಅಂದುಕೊಳ್ಳುತ್ತಾರೆ. ತುಮಕೂರೇ ಸಮುದ್ರಮಟ್ಟದಿಂದ 800 ಮೀಟರಿಗಿಂತ ಮೇಲಿದೆ. ತೀರ್ಥಹಳ್ಳಿ 600ರ ಆಸುಪಾಸು. ನಾವು ಅಲ್ಲಿಗೆ ಇಳಿದೇ ಹೋಗುತ್ತೇವೆ. ಅಲ್ಲಿ ಕಾಲನ್ನು ಕಾಡುವುದು ರಸ್ತೆಯ ಸ್ವಭಾವ. ಎಲ್ಲಿ ನೋಡಿದರೂ ನೀರು ಹರಿಯುವ ಹಳ್ಳ. ರಸ್ತೆ ಗುಡ್ಡದ ಮೇಲಿಂದ ಗದ್ದೆ ಬಯಲಿಗೆ ಇಳಿಯುತ್ತದೆ, ಮೋರಿ ದಾಟುತ್ತದೆ, ಅಡಿಕೆ ತೋಟದ ಪಕ್ಕ ಹಾದು ಮತ್ತೆ ಏರುತ್ತದೆ. ಒಂದೊಂದು ಹಳ್ಳಕ್ಕೂ ಒಂದು ಇಳಿತ, ಒಂದು ಏರು. ದೊಡ್ಡ ಘಾಟಿ ಒಂದೂ ಇಲ್ಲದಿದ್ದರೂ ಈ ಸಣ್ಣ ಸಣ್ಣವೇ ಸೇರಿ ಸುಸ್ತು ಮಾಡುತ್ತವೆ.

ಅದರಲ್ಲೂ ಇಳಿಜಾರು. ಏರು ಉಸಿರು ತೆಗೆಯುತ್ತದೆ ಅಷ್ಟೆ, ಕಾಲು ಕೆಡಿಸುವುದು ಇಳಿಜಾರೇ. ಏರುವಾಗ ತೊಡೆಯ ಸ್ನಾಯು ಕುಗ್ಗುತ್ತಾ ದುಡಿಯುತ್ತದೆ. ಇಳಿಯುವಾಗ ಅದೇ ಸ್ನಾಯು ಎಳೆದುಕೊಳ್ಳುತ್ತಲೇ ಮೈಭಾರವನ್ನು ತಡೆದು ಹಿಡಿಯಬೇಕು. ಎಳೆಗಳಿಗೆ ಪೆಟ್ಟು ಬೀಳುವುದು ಆಗಲೇ. ನೋವು ತಕ್ಷಣ ಗೊತ್ತಾಗುವುದಿಲ್ಲ. ಒಂದು ದಿನ ಬಿಟ್ಟು, ಕೆಲವರಿಗೆ ಎರಡು ಮೂರು ದಿನ ಬಿಟ್ಟು ಜೋರಾಗುತ್ತದೆ. ಬ್ರೇಕ್ ತುಳಿಯಲು, ಕ್ಲಚ್ ಒತ್ತಿ ಹಿಡಿಯಲು ಬೇಕಾಗಿರುವುದೂ ಇದೇ ತೊಡೆ, ಅಲ್ವಾ? ಹಾಗಾಗಿ ಇಳಿಜಾರಿನ ಅಭ್ಯಾಸಕ್ಕೇ ನಾನು ಜಾಸ್ತಿ ಸಮಯ ಕೊಟ್ಟೆ.

ನಮಗೆ ದೇವರಾಯನದುರ್ಗ ಹತ್ತಿರವೇ ಇದೆ. ನಾಮದ ಚಿಲುಮೆಯ ಕಡೆಯಿಂದ ಓಡುತ್ತಾ ಹೋಗಿ, ಕೆಳಗಿನ ಭೋಗನರಸಿಂಹ ದೇವಸ್ಥಾನ ದಾಟಿ, ಯೋಗನರಸಿಂಹನ ಕಡೆಗೆ ಏರುವ ರಸ್ತೆಯಲ್ಲಿ ನಡೆದು ಹತ್ತುತ್ತಿದ್ದೆ. ಇಳಿಯುವಾಗ ಮಾತ್ರ ಓಡುತ್ತಿದ್ದೆ. ಹೆಜ್ಜೆ ಚಿಕ್ಕದು, ಬೇಗ ಬೇಗ, ಮಂಡಿ ಸ್ವಲ್ಪ ಮಡಿಸಿಕೊಂಡೇ. ಹಿಮ್ಮಡಿ ಮುಂದೆ ಚಾಚಿ ಕುಕ್ಕಿದರೆ ಇಡೀ ಭಾರ ಮಂಡಿಗೆ ಬೀಳುತ್ತದೆ. ಒಮ್ಮೆ ಇಳಿಜಾರಿನ ಪೆಟ್ಟು ತಿಂದು ಸುಧಾರಿಸಿಕೊಂಡ ಸ್ನಾಯು ಮುಂದಿನ ಕೆಲವು ವಾರ ಅಷ್ಟು ನೋಯುವುದಿಲ್ಲ. ಅದಕ್ಕೇ ಕೊನೆಯ ಜೋರು ಇಳಿಜಾರಿನ ಓಟವನ್ನು ರೇಸಿಗೆ ಮೂರು ವಾರ ಮೊದಲು ಮುಗಿಸಿ, ಆಮೇಲೆ ಬರೀ ಸಮತಟ್ಟಿನ ರಸ್ತೆಯಲ್ಲಿ ಓಡಿದೆ.

ಓಟ ಭಾನುವಾರ. ನಾನು ಶುಕ್ರವಾರವೇ ಹೊರಟೆ. ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ. ಹೆದ್ದಾರಿಯ ಬಗ್ಗೆ ಹೇಳುವಂಥದ್ದು ಏನಿಲ್ಲ. ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿ ಐದು ನಿಮಿಷ ನಡೆದೆ, ಯಾಕೆಂದರೆ ಕೂತೇ ಇದ್ದರೆ ಸೊಂಟದ ಮುಂಭಾಗ ಬಿಗಿದುಕೊಳ್ಳುತ್ತದೆ. ತಿಪಟೂರಿನಲ್ಲಿ ಎಳನೀರು ಕುಡಿದೆ. ಶಿವಮೊಗ್ಗ ದಾಟಿ ಗಾಜನೂರು, ಸಕ್ರೆಬೈಲು ಬಂದ ಮೇಲೆ ರಸ್ತೆಯೇ ಬೇರೆ. ಪಕ್ಕದಲ್ಲಿ ತುಂಗೆಯ ಹಿನ್ನೀರು, ಮೇಲೆ ಮರಗಳ ನೆರಳು. ಮಂಡಗದ್ದೆ ಕಳೆದರೆ ತಿರುವುಗಳು ಹೆಚ್ಚುತ್ತವೆ. ಕತ್ತಲಾಗುವ ಮೊದಲು ಊರು ಸೇರಿಬಿಡಬೇಕು ಅಂತ ನಿರ್ಧಾರ ಮಾಡಿದ್ದೆ. ಕತ್ತಲಲ್ಲಿ ತಿರುವಿನಲ್ಲಿ ಕಾಟಿ (ಕಾಡುಕೋಣ) ಅಡ್ಡ ಬಂದರೆ ಸಣ್ಣ ಕಾರಿಗೆ ಉಳಿಗಾಲವಿಲ್ಲ.

ಶನಿವಾರ ಬೆಳಿಗ್ಗೆ ಮಾಡಿದ ಕೆಲಸವನ್ನು ಮಾತ್ರ ವಿವರವಾಗಿ ಹೇಳುತ್ತೇನೆ. ಕಾರು ತಂದವರಿಗಷ್ಟೇ ಸಿಗುವ ಲಾಭ ಇದು. ಓಟದ ದಾರಿಯನ್ನು ಪೂರ್ತಿ ಕಾರಿನಲ್ಲಿ ನೋಡಿ ಬಂದೆ. ಶಾಲೆಯ ಗೇಟಿನಲ್ಲಿ ಟ್ರಿಪ್ ಮೀಟರ್ ಸೊನ್ನೆ ಮಾಡಿದೆ. ಪಕ್ಕದ ಸೀಟಿನಲ್ಲಿ ಪುಸ್ತಕ, ಪೆನ್ನು. ಕೂತು ನೋಡಿದರೆ ಕಣ್ಣಿಗೆ ಏರು ಸರಿಯಾಗಿ ಗೊತ್ತಾಗುವುದಿಲ್ಲ. ಎರಡೂ ಕಡೆ ಮರ ಇದ್ದರಂತೂ ಏರುವುದು ಯಾವುದು, ಸಮ ಯಾವುದು ಅಂತಲೇ ತಿಳಿಯುವುದಿಲ್ಲ. ಆದರೆ ಆಲ್ಟೊ ಎಂಜಿನ್‌ಗೆ ಗೊತ್ತಾಗುತ್ತದೆ. ಮೂರನೇ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಾ, ಎಂಜಿನ್ ಗೊಣಗಿ ಎರಡಕ್ಕೆ ಇಳಿಸಬೇಕಾದ ಕಡೆಯೆಲ್ಲ ನಿಲ್ಲಿಸಿ, ಕಿಲೋಮೀಟರ್ ಬರೆದುಕೊಂಡೆ. ಪಕ್ಕದಲ್ಲಿ ಗುರುತು: ಬಸ್ ಸ್ಟ್ಯಾಂಡು, ಜಂಬಿಟ್ಟಿಗೆ ಕಾಂಪೌಂಡು, ಹಾಲಿನ ಡೈರಿ. ವಾಪಸ್ ಬರುವಾಗ ಎರಡನೇ ಗೇರಿನಲ್ಲೇ ಹಿಡಿದು ಇಳಿಸಬೇಕಾದ ಜಾಗಗಳನ್ನೂ ಬರೆದೆ. ರಾತ್ರಿ ಅದನ್ನೇ ಸಣ್ಣ ಚೀಟಿ ಮಾಡಿ, ಮೇಲೆ ಸೆಲ್ಲೋಟೇಪ್ ಹಚ್ಚಿ, ಜೇಬಿಗೆ ಹಾಕಿಕೊಂಡೆ. ನಿಯಮ ಸುಲಭ. ಕಾರು ಎರಡನೇ ಗೇರಿಗೆ ಬಂದ ಏರಿನಲ್ಲಿ ನಾನು ನಡೆಯುತ್ತೇನೆ. ಎರಡನೇ ಗೇರಿನ ಇಳಿಜಾರಿನಲ್ಲಿ ಚಿಕ್ಕ ಹೆಜ್ಜೆ. ಉಳಿದ ಕಡೆ ಓಟ.

ಊರಿಗೆ ಸ್ವಲ್ಪ ಹೊರಗೆ ಒಂದು ಮನೆಯಲ್ಲಿ ಹೋಂಸ್ಟೇ ಹಿಡಿದಿದ್ದೆ. ಅಡಿಕೆ ಸುಗ್ಗಿಯ ಕಾಲ. ಚಪ್ಪರದ ಕೆಳಗೆ ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಅಂಗಳದ ಮೂಲೆಯಲ್ಲಿ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಚೊಗರಿನ ವಾಸನೆ ಮನೆಯೊಳಗೂ ಬರುತ್ತಿತ್ತು. ಮನೆಯಮ್ಮ ಕೇಳಿದರು, "ರಾತ್ರಿಗೆ ಎಂತ ಮಾಡ್ಲಿ? ಕೋಳಿ ಸಾರು, ಕಡುಬು ಮಾಡ್ಲಾ?" ಆಸೆಯೇನೋ ಆಯಿತು. "ನಾಳೆ ಓಡಿ ಬಂದ ಮೇಲೆ ಮಾಡಿ ಅಮ್ಮ, ಇವತ್ತು ಗಂಜಿ ಸಾಕು" ಅಂದೆ. ಗಂಜಿ, ಅಪ್ಪೆಮಿಡಿ ಉಪ್ಪಿನಕಾಯಿ, ಒಂದು ಬಾಳೆಹಣ್ಣು. ಓಟದ ಹಿಂದಿನ ರಾತ್ರಿಗೆ ಇದಕ್ಕಿಂತ ಒಳ್ಳೆಯ ಊಟ ನನಗೆ ಗೊತ್ತಿಲ್ಲ. ಅಕ್ಕಿ ಇದೆ, ನೀರಿದೆ, ಉಪ್ಪಿದೆ, ಎಣ್ಣೆ ಮಸಾಲೆ ಜಾಸ್ತಿ ಇಲ್ಲ.

ಓಡುವಾಗ ತಿನ್ನಲು ಅಂಗಡಿಯ ಎನರ್ಜಿ ಜೆಲ್ ನಾನು ಬಳಸುವುದಿಲ್ಲ. ಜೋನಿ ಬೆಲ್ಲ, ಅಂದರೆ ಪಾಕದಂಥ ತೆಳು ಬೆಲ್ಲ ಒಯ್ಯುತ್ತೇನೆ. ಚಳಿಗೆ ಗಟ್ಟಿಯಾಗುತ್ತದೆ, ಹಾಗಾಗಿ ಸ್ವಲ್ಪ ಬಿಸಿನೀರು ಬೆರೆಸಿ, ಉಪ್ಪು, ನಿಂಬೆರಸ ಹಾಕಿ ಮೆತ್ತನೆಯ ಸಣ್ಣ ಬಾಟಲಿಗೆ ತುಂಬಬೇಕು. ಮ್ಯಾರಥಾನ್ ಓಡುವವರಿಗೆ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಅಂಶ ಬೇಕು ಅನ್ನುತ್ತಾರೆ. ಮುಕ್ಕಾಲು ಗಂಟೆಗೊಂದು ಒಳ್ಳೆಯ ಗುಟುಕು, ಮೇಲೆ ನೀರು. ಇದನ್ನು ಲಾಂಗ್ ರನ್‌ಗಳಲ್ಲಿ ಅಭ್ಯಾಸ ಮಾಡಿಕೊಂಡೇ ಹೋಗಬೇಕು. ಹೊಟ್ಟೆಗೆ ಹೊಸದು ಏನನ್ನೂ ಅವತ್ತು ಕೊಡಬಾರದು.

ಒಬ್ಬರೇ ಹೋದವರ ದೊಡ್ಡ ತಲೆನೋವು ಕಾರಿನ ಕೀ. ಜೊತೆಗಾರರಿಲ್ಲ, ಕೊಡುವುದು ಯಾರಿಗೆ? ಬ್ಯಾಗ್ ಇಡುವ ಕೌಂಟರಿಗೆ ಕೊಟ್ಟರೆ ಕಾರೂ ಬ್ಯಾಗೂ ಎರಡೂ ಒಂದೇ ಕಡೆ ಸಿಕ್ಕಿಹಾಕಿಕೊಳ್ಳುತ್ತವೆ. ಟೈರಿನ ಮೇಲೆ ಇಡುವವರಿದ್ದಾರೆ, ನನಗೆ ಅದು ಸರಿ ಕಾಣುವುದಿಲ್ಲ. ನಾನು ಗೊಂಚಲಿನಿಂದ ಒಂದೇ ಕೀ ಬಿಡಿಸಿ, ಸಣ್ಣ ಜಿಪ್ ಕವರಿನಲ್ಲಿ ಹಾಕಿ, ಸೊಂಟದ ಬೆಲ್ಟಿನ ಒಳಜೇಬಿಗೆ ಪಿನ್ ಚುಚ್ಚಿ ಇಟ್ಟುಕೊಂಡೆ. ರಿಮೋಟ್ ಕೀ ಆದರೆ ಎರಡು ಕವರ್ ಬೇಕು, ಬೆವರು ಒಳಗೆ ಹೋದರೆ ಕೆಲಸ ಮಾಡದೆ ಹೋಗಬಹುದು. ಎರಡನೇ ಕೀ ಹೋಂಸ್ಟೇ ಅಮ್ಮನ ಹತ್ತಿರ ಕೊಟ್ಟಿದ್ದೆ. ಬಿಬ್ಬಿನ, ಅಂದರೆ ಎದೆಗೆ ಪಿನ್ ಮಾಡುವ ಓಟದ ನಂಬರ್ ಪಟ್ಟಿಯ, ಹಿಂದೆ ನನ್ನ ಹೆಸರು, ರಕ್ತದ ಗುಂಪು, ಮನೆಯವರ ಮತ್ತು ಹೋಂಸ್ಟೇಯ ಫೋನ್ ನಂಬರ್ ಬರೆದಿದ್ದೆ. ನೆಟ್‌ವರ್ಕ್ ಕೆಲವು ಕಡೆ ಸಿಗುವುದೇ ಇಲ್ಲ. "ಹನ್ನೆರಡೂವರೆಗೆ ನನ್ನ ಫೋನ್ ಬರದಿದ್ದರೆ ಮಾತ್ರ ಈ ನಂಬರಿಗೆ ಮಾಡಿ" ಅಂತ ಮನೆಯಲ್ಲಿ ಹೇಳಿದ್ದೆ.

ನಾಲ್ಕೂವರೆಗೆ ಹೊರಟಾಗ ದಟ್ಟ ಮಂಜು. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಕಣ್ಣಿಗೇ ವಾಪಸ್ ಬಡಿಯುತ್ತದೆ. ಲೋ ಬೀಮಿನಲ್ಲಿ, ರಸ್ತೆ ಅಂಚಿನ ಬಿಳಿ ಗೆರೆ ಹಿಡಿದು, ಎರಡನೇ ಗೇರಿನಲ್ಲೇ ಹೋದೆ. ಕಾರನ್ನು ಹೊರಗೆ ಮುಖ ಮಾಡಿ ನಿಲ್ಲಿಸಿದೆ.

ಮೊದಲ 10 ಕಿ.ಮೀ. ಕತ್ತಲು, ತಲೆಗೆ ಟಾರ್ಚು. ಎಲ್ಲರೂ ನನ್ನನ್ನು ದಾಟಿಕೊಂಡು ಹೋದರು, ಹೋಗಲಿ ಅಂತ ಬಿಟ್ಟೆ. ಚಳಿ ಇದೆ ಅಂತ ನೀರು ಬಿಡುವ ಹಾಗಿಲ್ಲ. ಆ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಬನಿಯನ್ ಒದ್ದೆಯಾಗಿ ಮೈಗೆ ಅಂಟಿಕೊಳ್ಳುತ್ತದೆ. ಪ್ರತಿ ಸ್ಟಾಲಿನಲ್ಲೂ ಎರಡು ಗುಟುಕು ನೀರು, ಒಂದು ಬಿಟ್ಟು ಒಂದರಲ್ಲಿ ಓಆರ್‌ಎಸ್. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯುವುದೂ ಅಪಾಯ, ರಕ್ತದಲ್ಲಿ ಉಪ್ಪಿನ ಅಂಶ ಕುಸಿಯುತ್ತದೆ. ಬೆಳಕು ಹರಿದ ಮೇಲೆ ಗದ್ದೆಗಳ ಮೇಲೆ ಮಂಜು ಇನ್ನೂ ಕೂತಿತ್ತು. ಕೊಯ್ಲಾದ ಗದ್ದೆ, ಅದರಾಚೆ ತೋಟ, ಅದರ ಮೇಲೆ ಕಾಡು. ಒಂದು ಮನೆಯ ಮುಂದೆ ಅಜ್ಜಿಯೊಬ್ಬರು ನಿಂತಿದ್ದರು. "ಎಲ್ಲಿಂದ ಬಂದಿದ್ದು?" ಅಂತ ಕೇಳಿದರು. "ತುಮಕೂರು ಅಜ್ಜಿ." "ಅಬ್ಬ! ಒಬ್ಳೇಯ? ಹುಷಾರು ಮಾರಾಯ್ತಿ." ಆ ಮಾತು ಬಹಳ ದೂರ ನನ್ನ ಜೊತೆ ಬಂತು.

30 ದಾಟಿದ ಮೇಲೆ ಚೀಟಿ ಬೆಲೆ ಗೊತ್ತಾಯಿತು. ಮೈಯಲ್ಲಿ ಕೂಡಿಟ್ಟ ಸಕ್ಕರೆ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯುತ್ತಾ ಬರುತ್ತದೆ, ತಲೆ ಲೆಕ್ಕ ಮಾಡುವುದನ್ನು ಬಿಡುತ್ತದೆ. ಡೈರಿ ಏರು ಬಂತು, ಚೀಟಿಯಲ್ಲಿ 'ನಡಿ' ಅಂತ ಇತ್ತು, ನಡೆದೆ. ಯೋಚನೆ ಮಾಡುವ ಕೆಲಸವೇ ಇಲ್ಲ. ಮೊದಲು ಇಳಿಜಾರಿನಲ್ಲಿ ಹಾರಿಕೊಂಡು ಹೋದವರಲ್ಲಿ ಹಲವರು ಈಗ ರಸ್ತೆ ಬದಿಯಲ್ಲಿ ಮೀನಖಂಡ ಹಿಡಿದುಕೊಂಡು ನಿಂತಿದ್ದರು. ನೋವಿನ ಮಾತ್ರೆ ಬೇಕಾ ಅಂತ ಒಬ್ಬರು ನನಗೆ ಚಾಚಿದರು. ಬೇಡ ಅಂದೆ. ನೀರು ಕಡಿಮೆಯಾದ ಮೈಗೆ ಆ ಮಾತ್ರೆಗಳು ಕಿಡ್ನಿಗೆ ಹೊರೆ. ಐದೂವರೆ ಗಂಟೆಯ ಆಸುಪಾಸಿನಲ್ಲಿ ಮುಗಿಸಿದೆ. ಖುಷಿ ಅಂದರೆ ಖುಷಿ, ಕಣ್ಣಲ್ಲಿ ನೀರು ಬಂತು.

ಅಲ್ಲಿಂದ ಹೋಂಸ್ಟೇಗೆ ಕೆಲವೇ ಕಿಲೋಮೀಟರ್. ಆದರೂ ಒಂದು ಗಂಟೆ ಮೈದಾನದಲ್ಲೇ ನಡೆದಾಡಿ, ಒಣಬಟ್ಟೆ ಹಾಕಿಕೊಂಡು, ಉಪ್ಪಿಟ್ಟು ತಿಂದ ಮೇಲೆಯೇ ಕೀ ತಿರುಗಿಸಿದೆ. ಅವತ್ತೇ ಊರಿಗೆ ಹೊರಡುವುದು ಬೇಡವೇ ಬೇಡ. ಕ್ಲಚ್ ಒತ್ತಿದ ಕಾಲು ಹೆದ್ದಾರಿಯಲ್ಲಿ ಹಾಗೇ ಹಿಡಿದುಕೊಂಡರೆ ಏನು ಮಾಡುತ್ತೀರಿ? ರಾತ್ರಿ ಕಡುಬು, ಕೋಳಿ ಸಾರು ಸಿಕ್ಕಿತು. ಎಂಟಕ್ಕೇ ಮಲಗಿದೆ.

ಸೋಮವಾರ ಬೆಳಿಗ್ಗೆ ಅಂಗಳದಲ್ಲೇ ಪರೀಕ್ಷೆ. ಎಂಜಿನ್ ಆನ್, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಇಟ್ಟು, ಕ್ಲಚ್ಚನ್ನು ಪೂರ್ತಿ ಒತ್ತಿ ಬಿಡುವುದು, ಇಪ್ಪತ್ತು ಸಲ. ಆಮೇಲೆ ಆಕ್ಸಿಲರೇಟರಿನಿಂದ ಬ್ರೇಕಿಗೆ ಕಾಲು ಹಾರಿಸಿ, ಎದುರಿಗೆ ನಾಯಿ ಬಂದಂತೆ ಜೋರಾಗಿ ತುಳಿಯುವುದು. ಕಾಲು ಎಲ್ಲಾದರೂ ತಡವರಿಸಿದರೆ ಇನ್ನೊಂದು ದಿನ ಉಳಿಯುವುದು ಅಂತ ಮೊದಲೇ ರಜೆ ಹಾಕಿದ್ದೆ. ತಡವರಿಸಲಿಲ್ಲ. ನೋವು ಮುಂದಕ್ಕೆ ಹೆಚ್ಚುವುದೇ ಹೊರತು ಕಮ್ಮಿ ಆಗುವುದಿಲ್ಲ, ಹಾಗಾಗಿ ಮಂಜು ಕರಗಿದ ಕೂಡಲೇ ಹೊರಟೆ. ಈ ಸಲ ಗಂಟೆಗೊಮ್ಮೆ ನಿಲ್ಲಿಸಿದೆ, ಕಾರಿನ ಸುತ್ತ ನಡೆದೆ, ಮೀನಖಂಡ ಎಳೆದೆ. ಆಟೋಮ್ಯಾಟಿಕ್ ಕಾರಿರುವವರಿಗೆ ಎಡಗಾಲಿನ ಚಿಂತೆ ಇಲ್ಲ, ಅವರು ಪುಣ್ಯವಂತರು. ನಿರೀಕ್ಷಿಸಿದಂತೆ ಮಂಗಳವಾರ ಮೆಟ್ಟಿಲು ಇಳಿಯುವುದೇ ಕಷ್ಟವಾಯಿತು.

ಡಿಸೆಂಬರಿನಿಂದ ಮೇವರೆಗೆ ಆ ಕಡೆ ಹೋಗುವವರು ಮಂಗನ ಕಾಯಿಲೆಯನ್ನೂ ನೆನಪಿಡಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ರೋಗ ಅದು. ಉಣ್ಣೆ ಅನ್ನುವ, ರಕ್ತ ಹೀರುವ ಸಣ್ಣ ಹುಳ ಕಚ್ಚಿ ಬರುತ್ತದೆ. ಡಾಂಬರು ರಸ್ತೆಯಲ್ಲಿ ಓಡುವವರಿಗೆ ಭಯ ಕಡಿಮೆ. ಆದರೆ ಸುಸ್ತಾಯಿತು ಅಂತ ಕಾಡಂಚಿನ ತರಗೆಲೆ ಮೇಲೆ ಕೂರಬೇಡಿ, ಮೂತ್ರಕ್ಕೆ ಅಂತ ಪೊದೆಯೊಳಗೆ ಹೋಗಬೇಡಿ. ಉಣ್ಣೆ ಹತ್ತದಂತೆ ಮೈಗೆ ಹಚ್ಚುವ ಎಣ್ಣೆಯ ವಿಷಯವನ್ನು ಅಲ್ಲಿನ ಆಶಾ ಕಾರ್ಯಕರ್ತೆಯರು ಹೇಳುತ್ತಾರೆ, ಕೇಳಿ. ನಾನು ಬಂದ ಕೂಡಲೇ ಬಟ್ಟೆಯನ್ನೆಲ್ಲ ಬಿಸಿನೀರಿಗೆ ಹಾಕಿ, ಮಂಡಿ ಹಿಂದೆ, ಕಂಕುಳು, ಸೊಂಟದ ಪಟ್ಟಿ ಎಲ್ಲ ನೋಡಿಕೊಂಡೆ. ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಜ್ವರ ಕಾಣಿಸಿಕೊಳ್ಳುತ್ತದೆ. ಆ ದಿನಗಳಲ್ಲಿ ಜ್ವರ, ತಲೆನೋವು ಬಂದರೆ ಓಟದ ಸುಸ್ತು ಅಂದುಕೊಂಡು ಮಲಗಬೇಡಿ. ಡಾಕ್ಟರ ಹತ್ತಿರ ಹೋಗಿ, ಮಲೆನಾಡಿಗೆ ಹೋಗಿ ಬಂದಿದ್ದನ್ನು ಮೊದಲು ಹೇಳಿ.