ಗೋಡೆ ಬಿರುಕಿಗೆ ಸಿಮೆಂಟ್ ಮೆತ್ತುವ ಮುನ್ನ

2024ರ ಏಪ್ರಿಲ್‌ನಲ್ಲಿ ನಮ್ಮ ಅಡುಗೆಮನೆ ಕಿಟಕಿಯ ಮೂಲೆಯಿಂದ ಒಂದು ಬಿರುಕು ಓರೆಯಾಗಿ ಮೇಲಕ್ಕೆ ಹೊರಟಿತ್ತು. ಕಾಫಿ ಹೂ ಅರಳಿಸುವ ಹೂಮಳೆಯ ಸುಳಿವಿರಲಿಲ್ಲ. ಬಾವಿಯ ತಳ ಕಾಣುತ್ತಿತ್ತು. ಮೇಸ್ತ್ರಿ ಬಂದು ನೋಡಿ, "ಇದೇನೂ ಇಲ್ಲ ಅಣ್ಣ, ಅರ್ಧ ದಿನದ ಕೆಲಸ" ಎಂದು ಸಿಮೆಂಟ್ ಮೆತ್ತಿ ಹೋದರು. ನಾನು ಮೇಲೆ ಬಣ್ಣ ಹೊಡೆಸಿದೆ. ಜುಲೈನಲ್ಲಿ ಮಳೆ ಹಿಡಿದು ಹತ್ತು ದಿನ ಆಗಿರಬೇಕು, ಮೆತ್ತಿದ ಸಿಮೆಂಟಿನ ಪಕ್ಕದಲ್ಲೇ ಬಿರುಕು ಹೊಸ ದಾರಿ ಮಾಡಿಕೊಂಡಿತ್ತು. ಈ ಸಲ ಅದರೊಳಗಿಂದ ಕೆಂಪು ನೀರು ಬೇರೆ ಜಿನುಗುತ್ತಿತ್ತು. ಮೇಸ್ತ್ರಿಯನ್ನು ಬೈಯುವಂತಿಲ್ಲ. ಅವಸರ ನನ್ನದೇ.

2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ್ದು ನೆನಪಿರಬಹುದು. ಮರುವರ್ಷದ ಜುಲೈನಲ್ಲಿ ನಮ್ಮ ಕೊಡಗಿನಲ್ಲಿ ಮಳೆ ಬಿಡದೆ ಸುರಿಯಿತು. ಮನೆಗೆ ಬರಗಾಲವೊಂದೇ ಬಂದರೆ ತಡೆಯುತ್ತದೆ, ಮಳೆಯೊಂದೇ ಬಂದರೂ ತಡೆಯುತ್ತದೆ. ಒಂದರ ಬೆನ್ನಿಗೆ ಇನ್ನೊಂದು ಬಂದರೆ ಕಷ್ಟ.

ಅದಕ್ಕೆ ಕಾರಣ ನಾವು ಮನೆ ಕಟ್ಟುವ ಜಾಗ. ನಮ್ಮಲ್ಲಿ ಸಮತಟ್ಟು ನೆಲ ಎಲ್ಲಿದೆ ಹೇಳಿ? ಬರೆ (ಗುಡ್ಡದ ಕಡಿದಾದ ಇಳಿಜಾರು) ಕಡಿದು, ಆ ಮಣ್ಣನ್ನೇ ಮುಂದಕ್ಕೆ ತಳ್ಳಿ ಸೈಟ್ ಮಾಡುತ್ತೇವೆ. ಮನೆಯ ಹಿಂದಿನ ಅರ್ಧ ಗಟ್ಟಿ ನೆಲದ ಮೇಲೆ, ಮುಂದಿನ ಅರ್ಧ ತುಂಬಿದ ಮಣ್ಣಿನ ಮೇಲೆ. ಇಲ್ಲವೆಂದರೆ ಗದ್ದೆಗೆ ಮಣ್ಣು ಹೊಡೆಸಿ ಅಡಿಪಾಯ ಹಾಕುತ್ತೇವೆ. ಗದ್ದೆಯ ಜೇಡಿಮಣ್ಣು ಒಣಗಿದರೆ ಕುಗ್ಗುತ್ತದೆ, ನೆನೆದರೆ ಉಬ್ಬುತ್ತದೆ. ಬೇಸಿಗೆಯಲ್ಲಿ ನೆಲ ಬಿಟ್ಟ ಬಾಯಿಗೆ ಮೊದಲ ದೊಡ್ಡ ಮಳೆ ನೇರ ಇಳಿಯುತ್ತದೆ. ಒಂದು ಕಡೆ ನೆಲ ಏಳುತ್ತದೆ, ಇನ್ನೊಂದು ಕಡೆ ಕೂರುತ್ತದೆ. ಮಧ್ಯದಲ್ಲಿ ಸಿಕ್ಕ ಗೋಡೆ ಸೀಳುತ್ತದೆ. ಹಾಗಾಗಿ ರಿಪೇರಿ ಶುರುವಾಗಬೇಕಾದ್ದು ಗೋಡೆಯಿಂದಲ್ಲ, ನೀರಿನಿಂದ.

ಮೊದಲು ಮನೆ ಹಿಂದಿನ ಬರೆ ನೋಡಿ

ಗೋಡೆ ಬಿರುಕು ಕಾಯುತ್ತದೆ, ಬರೆ ಕಾಯುವುದಿಲ್ಲ. ಮಳೆ ಬಿಟ್ಟ ಹೊತ್ತಿನಲ್ಲಿ, ಹಗಲಿನಲ್ಲಿ, ಇಬ್ಬರು ಸೇರಿ ಬರೆಯ ಮೇಲ್ತುದಿಗೆ ಒಂದು ಸುತ್ತು ಹಾಕಿ ಬನ್ನಿ. ಅಲ್ಲಿ ಬಿಲ್ಲಿನಂತೆ ಬಾಗಿದ ಬಿರುಕು ಕಂಡರೆ ಅದು ಕೆಟ್ಟ ಲಕ್ಷಣ. ನೆಟ್ಟಗಿದ್ದ ಕರೆಂಟು ಕಂಬ, ಸಿಲ್ವರ್ ಓಕ್ ಮರ ವಾಲಿದ್ದರೂ ಹಾಗೆಯೇ. ಬರೆಯ ಬುಡದಲ್ಲಿ ಇಲ್ಲದ ಕಡೆ ಒರತೆ ಹುಟ್ಟಿದರೆ, ಯಾವಾಗಲೂ ತಿಳಿಯಾಗಿ ಬರುವ ಒರತೆ ಇದ್ದಕ್ಕಿದ್ದಂತೆ ಕೆಸರಾದರೆ ಅಥವಾ ನಿಂತೇಹೋದರೆ, ಯೋಚನೆ ಮಾಡುತ್ತಾ ಕೂರಬೇಡಿ. ಮನೆ ಬಿಡಿ. ಜಿಲ್ಲಾ ಸಹಾಯವಾಣಿ 1077ಕ್ಕೆ ಹೇಳಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ, ಮರುವರ್ಷ ತೋರ ಗ್ರಾಮದಲ್ಲಿ ಆದ ಭೂಕುಸಿತವನ್ನು ಕಂಡ ಜಿಲ್ಲೆ ನಮ್ಮದು. ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂಥ ಲಕ್ಷಣ ಇಲ್ಲ, ಬೇಸಿಗೆಯ ಒಣ ಬಿರುಕು ಮಾತ್ರ ಇದೆ ಎಂದಾದರೆ ಮೇ ಮುಗಿಯುವುದರೊಳಗೆ ಅದಕ್ಕೆ ಜೇಡಿಮಣ್ಣು ತುಂಬಿಸಿ, ಹಾರೆಯ ಹಿಡಿಯಿಂದ ಕುಟ್ಟಿ ಗಟ್ಟಿ ಮಾಡಿ. ಮೇಲೆ ಟಾರ್ಪಾಲು ಹೊದಿಸಿ ಅಂಚಿಗೆ ಕಲ್ಲಿಡಿ. ಬರೆಯ ಬುಡವನ್ನು ಮಾತ್ರ ಕೆರೆಯಬೇಡಿ. ಕಾರು ನಿಲ್ಲಿಸಲು ಇನ್ನೆರಡು ಅಡಿ ಬೇಕು ಎಂದು ಜೆಸಿಬಿ ತರಿಸುವವರಿದ್ದಾರಲ್ಲ, ಅವರಿಗೇ ಈ ಮಾತು.

ತಡೆಗೋಡೆ ಇದ್ದರೆ ಅದರ ಹಿಂದಿನ ನೀರನ್ನು ಹೊರಬಿಡುವ ಪೈಪುಗಳನ್ನು ನೋಡಿ. ಅರ್ಧಕ್ಕರ್ಧ ಪೈಪುಗಳಲ್ಲಿ ಕಣಜದ ಗೂಡು, ಬೇರು, ಮಣ್ಣು ಇರುತ್ತದೆ. ಒಂದು ಕಬ್ಬಿಣದ ಸರಳು ತೂರಿಸಿ ಬಿಡಿಸಿ. ನೀರು ಹೊರಗೆ ಬರದಿದ್ದರೆ ಅಷ್ಟೂ ಭಾರ ಗೋಡೆಯ ಬೆನ್ನಿಗೇ.

ಇನ್ನೊಂದು ವಿಷಯ, ಸ್ವಲ್ಪ ಜಗಳಕ್ಕೆ ಬರುವಂಥದ್ದು. ಬರ ಬಂದ ಕೂಡಲೇ ಎಲ್ಲರೂ ಇಂಗುಗುಂಡಿ ಎನ್ನುತ್ತಾರೆ. ಕಾಫಿ ತೋಟದಲ್ಲಿ ನೀರು ಇಂಗಿಸಲು ತೊಟ್ಟಿಲು ಗುಂಡಿ ತೆಗೆಯುವುದು ಒಳ್ಳೆಯದೇ. ಆದರೆ ಮನೆಯ ನೆತ್ತಿಯ ಮೇಲಿನ ಇಳಿಜಾರಿನಲ್ಲಿ ಬೇಡ. ಅಲ್ಲಿ ಇಂಗಿದ ನೀರು ನಿಮ್ಮ ಬರೆಯೊಳಗೇ ಇಳಿಯುತ್ತದೆ. ಅಲ್ಲಿ ಈಗಾಗಲೇ ಗುಂಡಿ ಇದ್ದರೆ ಮಳೆಗಾಲಕ್ಕೆ ಮೊದಲು ಮುಚ್ಚಿ, ನೀರನ್ನು ಪಕ್ಕದ ತೋಡಿಗೆ ತಿರುಗಿಸಿ.

ಬಿರುಕಿಗೆ ತಾರೀಖು ಹಾಕಿ

ಬೇಕಾದ್ದು ಒಂದು ಪೆನ್ಸಿಲ್, ಒಂದು ಸ್ಕೇಲ್. ಬಿರುಕು ಎಲ್ಲಿ ಮುಗಿಯುತ್ತದೋ ಅಲ್ಲಿ ಅಡ್ಡಗೆರೆ ಎಳೆದು ತಾರೀಖು ಬರೆಯಿರಿ. ಬಿರುಕಿನ ಎರಡೂ ಬದಿಗೆ ಒಂದೊಂದು ಚುಕ್ಕಿ ಇಟ್ಟು, ನಡುವಿನ ಅಂತರ ಎಷ್ಟು ಮಿಲಿಮೀಟರ್ ಎಂದು ಪಕ್ಕದಲ್ಲೇ ಗುರುತು ಮಾಡಿ. ಹದಿನೈದು ದಿನಕ್ಕೊಮ್ಮೆ, ದೊಡ್ಡ ಮಳೆಯ ಮಾರನೇ ದಿನ ತಪ್ಪದೆ, ಮತ್ತೆ ಅಳೆಯಿರಿ. ಹಳೆಯ ಎಂಜಿನಿಯರುಗಳು ಬಿರುಕಿನ ಮೇಲೆ ತೆಳು ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಸಿಮೆಂಟ್ ಅಂಟಿಸುತ್ತಿದ್ದರು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಇದೂ ಸುಲಭವೇ.

ನಮ್ಮಲ್ಲಿ ಮಳೆಯ ಲೆಕ್ಕ ಇಂಚಿನಲ್ಲಿ ಬರೆದಿಡುವ ಅಭ್ಯಾಸ ಎಷ್ಟೋ ತೋಟದ ಮನೆಗಳಲ್ಲಿದೆ. ಅದೇ ಡೈರಿಯಲ್ಲಿ ಬಿರುಕಿನ ಅಳತೆಗೂ ಒಂದು ಸಾಲು ಕೊಟ್ಟರೆ ಆಯ್ತು. ನಾಲ್ಕು ತಿಂಗಳು ಹೋದ ಮೇಲೆ ಯಾವ ಮಳೆಗೆ ಬಿರುಕು ಬಾಯಿಬಿಟ್ಟಿತು, ಯಾವಾಗ ಮುಚ್ಚಿಕೊಂಡಿತು ಎಂದು ಕಣ್ಣಿಗೇ ಕಾಣುತ್ತದೆ. 2022ರ ಜೂನ್, ಜುಲೈನಲ್ಲಿ ಚೆಂಬು, ಕರಿಕೆ ಕಡೆ ಭೂಮಿ ಸಣ್ಣಗೆ ಕಂಪಿಸಿತ್ತು. ಹಳೆಯ ಬಿರುಕು ಯಾವುದು, ಕಂಪನದ ಮೇಲೆ ಬಂದದ್ದು ಯಾವುದು ಎಂದು ಹೇಳಬೇಕಾದರೆ ಗೋಡೆಯ ಮೇಲಿನ ತಾರೀಖಿಗಿಂತ ಒಳ್ಳೆಯ ಸಾಕ್ಷಿ ಬೇಡ.

ಬಿರುಕನ್ನು ಓದುವುದೂ ಅಂಥ ಕಷ್ಟವಲ್ಲ. ಕೂದಲೆಳೆಯಷ್ಟು ತೆಳುವಾಗಿದ್ದು ಗಾರೆಯಲ್ಲಿ ಬಲೆಯಂತೆ ಹರಡಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಕಾಂಕ್ರೀಟ್ ಕಂಬ ಮತ್ತು ಇಟ್ಟಿಗೆ ಸೇರುವಲ್ಲಿ ನೇರವಾಗಿ ಇಳಿದ ಗೆರೆಯೂ ಸಾಮಾನ್ಯ. ಕಿಟಕಿ, ಬಾಗಿಲಿನ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಓರೆಗೆ ಹೋದದ್ದು ಅಡಿಪಾಯದ ಕಡೆ ಬೆರಳು ತೋರಿಸುತ್ತದೆ. ಅದು ಮೇಲೆ ಅಗಲ, ಕೆಳಗೆ ಕಿರಿದಾಗಿದ್ದರೆ ಮನೆಯ ತುದಿ ಕುಸಿಯುತ್ತಿರಬಹುದು. ಕೆಳಗೆ ಅಗಲವಾಗಿದ್ದರೆ ನಡುಭಾಗ ಕೂರುತ್ತಿರಬಹುದು. ಐದು ಮಿಲಿಮೀಟರ್ ದಾಟಿದರೆ, ಅಥವಾ ಗೋಡೆಯ ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಂಡರೆ, ಮೇಸ್ತ್ರಿಯಲ್ಲ, ಸ್ಟ್ರಕ್ಚರಲ್ ಎಂಜಿನಿಯರ್ ನೋಡಬೇಕು.

ನೀರಿಗೆ ದಾರಿ ಮಾಡಿ

ಒಂದು ಲೆಕ್ಕ ಹೇಳುತ್ತೇನೆ. ಸಾವಿರ ಚದರ ಅಡಿಯ ಮಾಡಿನ (ಛಾವಣಿಯ) ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,360 ಲೀಟರ್ ನೀರು. ಆಗಸ್ಟ್‌ನಲ್ಲಿ ಒಂದೇ ದಿನ ಐದು ಇಂಚು ಬಂತು ಎನ್ನಿ, ಹನ್ನೊಂದು ಸಾವಿರ ಲೀಟರ್ ದಾಟಿತು. ಇದಷ್ಟೂ ಸೂರಿನಿಂದ ನೇರ ಗೋಡೆಯ ಬುಡಕ್ಕೆ ಬೀಳುತ್ತಿದ್ದರೆ ಯಾವ ಅಡಿಪಾಯ ತಡೆದೀತು?

ನಮ್ಮ ಮನೆಯಲ್ಲಿ ಆದದ್ದು ಅದೇ. ಅಡುಗೆಮನೆ ಮೂಲೆಯಲ್ಲಿ ಮಾಡಿನ ನೀರು ಇಳಿಯುವ ಪೈಪು ನೆಲದಿಂದ ಒಂದು ಅಡಿ ಮೇಲೇ ನಿಂತಿತ್ತು. ಕೆಳಗೆ ಮಣ್ಣು ಕೊರೆದು ಒಂದು ಬಟ್ಟಲಿನಷ್ಟು ಗುಂಡಿ. ಬೇಸಿಗೆಯಲ್ಲಿ ಅದರಲ್ಲಿ ನಾಯಿ ಮಲಗುತ್ತಿತ್ತು, ನಾವು ನೋಡಿ ನಗುತ್ತಿದ್ದೆವು. ಮಳೆಗಾಲದಲ್ಲಿ ಅದೇ ಗುಂಡಿ ತುಂಬಿ ಅಡಿಪಾಯಕ್ಕೆ ಇಳಿಯುತ್ತಿತ್ತು. ಎರಡು ಬೆಂಡು, ಹತ್ತು ಅಡಿ ಪಿವಿಸಿ ಪೈಪು ಹಾಕಿ ನೀರನ್ನು ಚರಂಡಿಗೆ ಬಿಟ್ಟದ್ದೇ ನಾವು ಮಾಡಿದ ಅತಿ ಅಗ್ಗದ, ಅತಿ ಉಪಯೋಗದ ರಿಪೇರಿ.

ನೀವೂ ಮಳೆಯಲ್ಲೇ ಕೊಡೆ ಹಿಡಿದು ಮನೆ ಸುತ್ತ ಒಂದು ಸುತ್ತು ಬನ್ನಿ. ನೀರು ಎಲ್ಲಿ ನಿಲ್ಲುತ್ತದೆ ಎಂಬುದು ಆಗ ಮಾತ್ರ ಗೊತ್ತಾಗುತ್ತದೆ. ಗೋಡೆಯಿಂದ ಹೊರಕ್ಕೆ ಎರಡೂವರೆ, ಮೂರು ಅಡಿ ಅಗಲಕ್ಕೆ ಕಾಂಕ್ರೀಟ್ ಹಾಸಿ, ಹೊರಗಡೆಗೆ ವಾಟ ಕೊಡಿ. ಅದರ ಅಂಚಿಗೆ ಚರಂಡಿ ಇರಲಿ. ಬರೆಯ ಮೇಲೂ ಒಂದು ಕಾಲುವೆ ಇದ್ದರೆ ಮೇಲಿನ ನೀರು ಮನೆ ಕಡೆ ನುಗ್ಗುವುದಿಲ್ಲ. ಅದರ ತಳಕ್ಕೆ ಸಿಮೆಂಟ್ ಆಗಿರಬೇಕು, ಬರೀ ಮಣ್ಣಿನ ಕಾಲುವೆ ಅಲ್ಲೇ ಇಂಗಿಸುತ್ತದೆ.

ನೆಲದೊಳಗಿನ ಪೈಪುಗಳನ್ನು ಮರೆಯಬೇಡಿ. ಬೇಸಿಗೆಯಲ್ಲಿ ಮಣ್ಣು ಕುಗ್ಗಿದಾಗ ಜಾಯಿಂಟು ಬಿಡುತ್ತದೆ. ರಾತ್ರಿ ಎಲ್ಲ ನಲ್ಲಿ ಬಂದ್ ಮಾಡಿ, ಟ್ಯಾಂಕಿಯಲ್ಲಿ ನೀರು ಎಲ್ಲಿವರೆಗಿದೆ ಎಂದು ಗುರುತು ಹಾಕಿ. ಬೆಳಿಗ್ಗೆ ಇಳಿದಿದ್ದರೆ ಎಲ್ಲೋ ಸೋರುತ್ತಿದೆ.

ಮರ ಕಡಿಯುವ ಮುನ್ನ

ಮನೆ ಪಕ್ಕದ ದೊಡ್ಡ ಮರ ಬರಗಾಲದಲ್ಲಿ ಮಣ್ಣಿನ ತೇವವನ್ನೆಲ್ಲ ಹೀರುತ್ತದೆ, ನಿಜ. ಹಾಗೆಂದು ಒಮ್ಮೆಲೇ ಬುಡಸಮೇತ ತೆಗೆದರೆ ಜೇಡಿಮಣ್ಣು ಮತ್ತೆ ನೀರು ಕುಡಿದು ಉಬ್ಬಬಹುದು. ಬರೆಯ ಮೇಲಿನ ಮರವಾದರೆ ಬೇರು ಕೊಳೆತು ಒಂದೆರಡು ವರ್ಷದಲ್ಲಿ ಮಣ್ಣಿನ ಹಿಡಿತವೂ ಹೋಗುತ್ತದೆ. ಕೊಂಬೆ ಕಡಿದು ಹಗುರ ಮಾಡುವುದು ಸಾಕು. ಅರಣ್ಯ ಇಲಾಖೆಯ ಅನುಮತಿ ಬೇಕೇ ಎಂದು ಮೊದಲೇ ಕೇಳಿಕೊಳ್ಳಿ. ಬೋಳು ಬರೆಗೆ ಲಾವಂಚ ನೆಡಬಹುದು, ಬೇರು ಆಳಕ್ಕೆ ಇಳಿಯುತ್ತದೆ.

ಕಾಗದದ ಕೆಲಸ

ಹಾನಿಯಾದ ದಿನವೇ ಫೋಟೊ ತೆಗೆಯಿರಿ. ಬಿರುಕಿನ ಪಕ್ಕ ಸ್ಕೇಲ್ ಇರಲಿ, ಇಡೀ ಮನೆ ಕಾಣುವ ಒಂದು ಚಿತ್ರವೂ ಇರಲಿ. ಗ್ರಾಮ ಆಡಳಿತ ಅಧಿಕಾರಿಗೆ, ಅಂದರೆ ನಾವೆಲ್ಲ ವಿಎ ಎನ್ನುವವರಿಗೆ, ಅರ್ಜಿ ಬರೆದುಕೊಡಿ. ಮಹಜರು ಆಗುವವರೆಗೆ ಅವಶೇಷ ತೆರವು ಮಾಡಬೇಡಿ. ಅಪಾಯ ಇದ್ದರೆ ಮಾತು ಬೇರೆ. ಕೇಂದ್ರದ ವಿಪತ್ತು ಪರಿಹಾರ ನಿಯಮದಲ್ಲಿ 2022ರಿಂದ 2026ರ ಅವಧಿಗೆ ಪಕ್ಕಾ ಮನೆಯ ಭಾಗಶಃ ಹಾನಿಗೆ 6,500 ರೂಪಾಯಿ ನಿಗದಿಯಾಗಿತ್ತು, ಅದೂ ಹಾನಿ ಶೇ 15ಕ್ಕೆ ಕಡಿಮೆ ಇರಬಾರದಿತ್ತು. ಕೆಲವು ವರ್ಷ ರಾಜ್ಯ ಸರ್ಕಾರ ತನ್ನ ಕಡೆಯಿಂದ ಸೇರಿಸಿ ಕೊಟ್ಟದ್ದುಂಟು.

ವಿಮೆ ಇದ್ದವರು ಒಂದು ಸಾಲನ್ನು ಕಣ್ಣುಬಿಟ್ಟು ಓದಬೇಕು. 2021ರ ಏಪ್ರಿಲ್‌ನಿಂದ ಬಂದ 'ಭಾರತ್ ಗೃಹ ರಕ್ಷಾ' ಪಾಲಿಸಿಯಲ್ಲಿ ಪ್ರವಾಹ, ಭೂಕುಸಿತ, ಮನೆ ಕೆಳಗಿನ ನೆಲ ಕುಸಿಯುವುದು ಎಲ್ಲವೂ ಸೇರಿದೆ. ಆದರೆ ತುಂಬಿದ ಮಣ್ಣು ಕೂತು ಆದ ಹಾನಿ, ಹೊಸ ಕಟ್ಟಡದ ಮಾಮೂಲಿ ಬಿರುಕು ಸೇರಿಲ್ಲ. ನಮ್ಮ ಅರ್ಧ ಸೈಟುಗಳೇ ತುಂಬಿದ ಮಣ್ಣಲ್ವಾ? ಕಂತು ಕಟ್ಟುವ ಮೊದಲೇ ಕೇಳಿ.

ಕೊನೆಗೆ ಗೋಡೆ

ನೀರಿನ ಕೆಲಸ ಮುಗಿದ ಮೇಲೆ ಒಂದು ಮಳೆಗಾಲ, ಒಂದು ಬೇಸಿಗೆ ಬಿರುಕನ್ನು ಸುಮ್ನೆ ನೋಡುತ್ತಿರಿ. ಮಳೆ ನೀರು ಒಳಗೆ ನುಗ್ಗದಂತೆ ಸದ್ಯಕ್ಕೆ ಮೆತ್ತನೆಯ ಸೀಲೆಂಟ್ ತುಂಬಿಸಿದರೆ ಸಾಕು. ಅಳತೆ ಬದಲಾಗಲಿಲ್ಲ ಎಂದಾದರೆ ಹುತ್ತರಿ ಹಬ್ಬ (ನವೆಂಬರ್-ಡಿಸೆಂಬರ್) ಕಳೆದ ಮೇಲೆ, ಗೋಡೆ ಒಣಗಿರುವಾಗ, ಕೆಲಸ ಹಿಡಿಯಿರಿ. ಬಿರುಕನ್ನು ಇಂಗ್ಲಿಷಿನ 'ವಿ' ಆಕಾರಕ್ಕೆ ಕೆತ್ತಿ, ಧೂಳು ತೆಗೆದು, ನೀರು ಚಿಮುಕಿಸಿ, ಪಾಲಿಮರ್ ಸೇರಿಸಿದ ಗಾರೆ ತುಂಬಿಸಬೇಕು. ಮೇಲೆ ಜಾಲರಿ ಹೊಡೆದು ಪ್ಲಾಸ್ಟರ್ ಮಾಡಿದರೆ ಮತ್ತೆ ಅಷ್ಟು ಸುಲಭಕ್ಕೆ ಸೀಳುವುದಿಲ್ಲ.

ಹಳೆಯ ಐನ್‌ಮನೆ (ಕೊಡವರ ಕುಟುಂಬದ ಮೂಲಮನೆ), ಮಣ್ಣಿನ ಗೋಡೆಯ ಮನೆಯಾದರೆ ಸಿಮೆಂಟ್ ಬೇಡವೇ ಬೇಡ. ಅದು ತೇವವನ್ನು ಒಳಗೇ ಕಟ್ಟಿಹಾಕುತ್ತದೆ, ಕೊನೆಗೆ ಹಪ್ಪಳದಂತೆ ಎದ್ದು ಬರುತ್ತದೆ. ಸುಣ್ಣದ ಗಾರೆಯೇ ಸರಿ. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿ ಸಿಗುವುದು ಕಷ್ಟ, ಸಿಕ್ಕರೆ ಬಿಡಬೇಡಿ.

ಬಾಗಿಲು ಹಾಕಲು ಬರುತ್ತಿಲ್ಲವೆಂದು ಮಳೆಗಾಲದಲ್ಲೇ ಬಡಗಿಯನ್ನು ಕರೆದು ಕೀಸಿಸಬೇಡಿ. ಒಂದು ದಾರ ಹಿಡಿದು ಚೌಕಟ್ಟಿನ ಮೂಲೆಯಿಂದ ಮೂಲೆಗೆ ಅಳೆಯಿರಿ, ಮತ್ತೆ ಇನ್ನೆರಡು ಮೂಲೆಗೆ. ಎರಡೂ ಸಮ ಬಂದರೆ ಉಬ್ಬಿರುವುದು ಮರ, ಜನವರಿಗೆ ತಾನಾಗಿ ಸರಿಯಾಗುತ್ತದೆ. ಹೆಚ್ಚುಕಡಿಮೆ ಬಂದರೆ ಚೌಕಟ್ಟೇ ಓರೆಯಾಗಿದೆ, ಪೆನ್ಸಿಲ್ ತೆಗೆದುಕೊಂಡು ಆ ಗೋಡೆಯನ್ನೂ ಒಮ್ಮೆ ನೋಡಿ.