ಪಟಾಕಿ ಬತ್ತಿಯಿಂದ ಕುಕ್ಕರ್‌ವರೆಗೆ: ನಮ್ಮ ಕೆಂಚನ ಭಯ

ಕೆಂಚ ನಮ್ಮ ಹನುಮಂತನಗರದ ಬೀದೀಲೇ ಸಿಕ್ಕಿದ ನಾಯಿ. ಹೋದ ದೀಪಾವಳೀಲಿ ಹುಡುಗ್ರು ಗೇಟ್ ಪಕ್ಕದಲ್ಲೇ ಒಂದಾದ್ಮೇಲೊಂದು ಆಟಂಬಾಂಬ್ ಹಚ್ಚಿದ್ರು, ಬತ್ತಿ ಸುರ್‍ರ್ ಅನ್ನೋದು ಆಮೇಲೆ ಢಂ. ನಾಲ್ಕೈದು ಆಗೋ ಹೊತ್ತಿಗೆ ಇವ್ನು ಸುರ್‍ರ್ ಅಂದ ತಕ್ಷಣ ಮಂಚದ ಕೆಳಗೆ.

ಹಬ್ಬ ಮುಗಿದ್ಮೇಲೆ ಸರಿ ಹೋಗ್ತಾನೆ ಅನ್ಕೊಂಡೆ. ಎಲ್ಲಿ! ಕುಕ್ಕರ್ ವಿಷಲ್ ಹೊಡೆಯೋಕೆ ಮುಂಚೆ ಸುಸ್ ಅನ್ನುತ್ತಲ್ಲ, ಅದಕ್ಕೂ ಓಟ. ಬಿಎಂಟಿಸಿ ಬಸ್ ಬ್ರೇಕ್ ಹಾಕಿ ಗಾಳಿ ಬಿಟ್ರೆ ಬೀದೀಲೇ ಕೂತ್ಬಿಡೋನು. ಒಗ್ಗರಣೆ ಚುರ್ ಅಂದ್ರೆ ಕಿವಿ ಮಾತ್ರ ಹಿಂದಕ್ಕೆ. ಕಡಲೆಕಾಯಿ ಪರಿಷೇಲಿ ಕಿವಿ ಹತ್ರಾನೇ ಪೀಪಿ ಊದಿದ್ರೂ ಕ್ಯಾರೇ ಅನ್ಲಿಲ್ಲ.

ಬಿಎನಲ್ಲಿ ಸೈಕಾಲಜಿ ಓದಿದ್ದೆ, ಸ್ಟಿಮುಲಸ್ ಜನರಲೈಸೇಶನ್ ಅಂತ ಐದು ಮಾರ್ಕ್ಸ್‌ಗೆ ಬರೆದು ಮರೆತಿದ್ದೆ. ಅಂದ್ರೆ ಒಂದು ಸದ್ದಿನ ಭಯ ಅದರ ಥರದ ಬೇರೆ ಸದ್ದಿಗೂ ಹಬ್ಬೋದು: ಮೊದಲಿನ ಸದ್ದನ್ನ ಎಷ್ಟು ಹೋಲುತ್ತೋ ಅಷ್ಟು ಭಯ, ಹೋಲಿಕೆ ಕಮ್ಮಿ ಆದಷ್ಟೂ ಭಯಾನೂ ಕಮ್ಮಿ. 1920ರಲ್ಲಿ ವಾಟ್ಸನ್, ರೇನರ್ ಅನ್ನೋ ಸೈಕಾಲಜಿಯವ್ರು ಸೇರ್ಕೊಂಡು ಆಲ್ಬರ್ಟ್ ಅನ್ನೋ ಕೂಸಿಗೆ ಬಿಳಿ ಇಲಿ ತೋರ್ಸಿ ಹಿಂದಿಂದ ಕಬ್ಬಿಣ ಬಡಿದು ಹೆದರ್ಸಿದ್ರು, ಆಮೇಲೆ ಅದು ಮೊಲಕ್ಕೂ ತುಪ್ಪಳದ ಕೋಟಿಗೂ ಅಳ್ತಿತ್ತಂತೆ. ಪಾಪ, ಆ ಭಯ ಬಿಡಿಸೋ ಗೋಜಿಗೂ ಅವ್ರು ಹೋಗ್ಲಿಲ್ಲ. 1924ರಲ್ಲಿ ಮೇರಿ ಕವರ್ ಜೋನ್ಸ್ ಅವ್ರು ಮೊಲಕ್ಕೆ ಹೆದರ್ತಿದ್ದ ಪೀಟರ್ ಅನ್ನೋ ಹುಡುಗ ತಿಂಡಿ ತಿನ್ನೋವಾಗ ಮೊಲಾನ ಸ್ವಲ್ಪ ಸ್ವಲ್ಪಾನೇ ಹತ್ರ ತಂದು ಭಯ ಬಿಡ್ಸಿದ್ರು. ನಾನು ಹಿಡಿದಿದ್ದು ಇದೇ ದಾರಿ.

ಕುಕ್ಕರ್ ಸುಸ್ ಅನ್ನೋದನ್ನ ಫೋನಲ್ಲಿ ರೆಕಾರ್ಡ್ ಮಾಡಿ, ಕೇಳಿಸೋದೇ ಕಷ್ಟ ಅನ್ನೋವಷ್ಟು ಸಣ್ಣಗೆ ಹಾಕಿ ಬೇಯಿಸಿದ ಚಿಕನ್ ಲಿವರ್ ಕೊಡ್ತಿದ್ದೆ. "ನಿಂಗೆ ಅನ್ನ ಬೇಯ್ಸೋಕೆ ಬರಲ್ಲ, ನಾಯಿಗೆ ಲಿವರ್ ಬೇಯ್ಸ್ತೀಯ" ಅಂತ ಅಮ್ಮ. ಮೊದಲ ವಾರ ಎಡವಟ್ಟು ಮಾಡ್ಕೊಂಡೆ, ಲಿವರ್ ತೋರ್ಸಿ ಆಮೇಲೆ ಸದ್ದು ಹಾಕ್ತಿದ್ದೆ, ಅವ್ನು ಲಿವರ್ ಬಟ್ಟಲು ನೋಡಿದ್ರೇ ಬಾಲ ಮುದುರೋಕೆ ಶುರು ಮಾಡ್ದ! ಸದ್ದು ಮೊದ್ಲು, ಲಿವರ್ ಆಮೇಲೆ ಅಂತ ತಿರುಗಿಸಿದ್ಮೇಲೇ ದಾರಿಗೆ ಬಂದಿದ್ದು.

ಭಯ ಒಂದೇ ಸಂಜೇಲಿ ಮನೆಯಿಂದ ಬಸ್ ಸ್ಟಾಪ್‌ವರೆಗೂ ಹಬ್ತು, ಧೈರ್ಯ ಮಾತ್ರ ಹಾಲ್‌ನಿಂದ ಅಡುಗೆಮನೆಗೂ ದಾಟ್ಲಿಲ್ಲ. ಹಾಲಲ್ಲಿ ಫೋನ್ ಸದ್ದಿಗೆ ಆರಾಮಾಗಿ ಬಿದ್ಕೊಂಡಿರೋನು ನಿಜವಾದ ಕುಕ್ಕರ್‌ಗೆ ಮತ್ತೆ ಓಡ್ದ, ಅಲ್ಲಿ ಮೊದಲಿಂದ ಶುರು, ಎರಡು ತಿಂಗಳು. ಬಸ್ ಇನ್ನೂ ಬಾಕಿ, ದಿನಾ ರಸ್ತೆ ಆಚೆ ಬದೀಲಿ ನಿಂತು ಲಿವರ್ ತಿನ್ನಿಸ್ತಿದೀನಿ.

ಒಗ್ಗರಣೆಗೆ ಮಾತ್ರ ಏನೂ ಹೇಳ್ಕೊಡ್ಲಿಲ್ಲ. ಈಗ ಸಾಸಿವೆ ಚುರ್ ಅಂದ್ರೆ ಸಾಕು ಬಾಲ ಆಡಿಸ್ಕೊಂಡು ಅಡುಗೆಮನೆ ಬಾಗಿಲಲ್ಲಿ ಹಾಜರ್, ಸಾರಿಗೆ ಒಗ್ಗರಣೆ ಹಾಕಿದಾಗೆಲ್ಲ ಅಮ್ಮನ ಹತ್ರ ಲಿವರ್ ಕೇಳ್ತಾನೆ.