ಗಲ್ಫಿನಲ್ಲಿ ಡಿಜೆ ಕಂಟ್ರೋಲರ್ ಕೊಳ್ಳುವ ಮುಂಚೆ ಊರಿನ ಅಂಗಳ ನೆನಪಿರಲಿ

ರಜೆಗೆ ಊರಿಗೆ ಬಂದಿದ್ದೇನೆ, ಕಟಪಾಡಿಗೆ. ನಾಡಿದ್ದು ಚಿಕ್ಕಪ್ಪನ ಮಗಳ ಮೆಹಂದಿ. ಅಂಗಳದಲ್ಲಿ ಶಾಮಿಯಾನದವರು ಕಂಬ ನೆಡುತ್ತಿದ್ದಾರೆ, ನಾನು ಚಾವಡಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ದುಬೈಗೆ ಹೋಗಿ ಹದಿನಾಲ್ಕು ವರ್ಷ ಆಯಿತು. ಮಂಗಳೂರು, ಉಡುಪಿ ಕಡೆಯಿಂದ ಹೊಸದಾಗಿ ಬರುವ ಹುಡುಗರದ್ದು ಪ್ರತಿ ವರ್ಷ ಒಂದೇ ಕಥೆ. ಮೊದಲ ಸಂಬಳ ಸಾಲಕ್ಕೆ, ಎರಡನೆಯದು ಮನೆಗೆ, ಮೂರನೆಯದು ಬಂದ ಕೂಡಲೇ "ಅಣ್ಣ, ಕಂಟ್ರೋಲರ್ ಯಾವುದು ತೆಗೆದುಕೊಳ್ಳಲಿ?" ಲ್ಯಾಪ್‌ಟಾಪಿಗೆ ಜೋಡಿಸಿ ಹಾಡಿಗೆ ಹಾಡು ಬೆರೆಸುವ ಡಿಜೆ ಪೆಟ್ಟಿಗೆ ಅದು. ನಾನು ತಿರುಗಿ ಕೇಳುವುದೂ ಒಂದೇ: ಎಲ್ಲಿ ಬಾರಿಸ್ತೀರಿ ಮಾರಾಯ್ರೆ? ದುಬೈಯ ಕರಾಮದ ಬೆಡ್‌ಸ್ಪೇಸಿನಲ್ಲಿ (ಹಲವರಿರುವ ರೂಮಿನ ಒಂದು ಮಂಚದ ಜಾಗ) ಅದು ಹಾಸಿಗೆಯ ಮೇಲೆ ಕೂತಿರುತ್ತದೆ, ನೀವು ಹೆಡ್‌ಫೋನ್ ಹಾಕಿಕೊಂಡು ಪ್ರಾಕ್ಟೀಸ್ ಮಾಡ್ತೀರಿ, ಅಷ್ಟೇ. ಅದು ನಿಜವಾಗಿ ಸದ್ದು ಮಾಡುವುದು ಊರಿಗೆ ಬಂದಾಗ, ಅಕ್ಕನ ಮೆಹಂದಿಗೆ, ಗೆಳೆಯನ ರೋಸಿಗೆ (ಕ್ರೈಸ್ತರಲ್ಲಿ ಮದುವೆಗೆ ಮುಂಚಿನ ಶಾಸ್ತ್ರ). ಹಾಗಾಗಿ ಹೋಲಿಸಿ ನೋಡುವುದನ್ನೂ ಅಂಗಳದಿಂದಲೇ ಶುರು ಮಾಡಿ.

ಅಂಗಡಿಯಲ್ಲಿ ಎಲ್ಲರೂ ಮೇಲಿಂದ ನೋಡುತ್ತಾರೆ. ಬಣ್ಣಬಣ್ಣದ ಪ್ಯಾಡು, ಹಾಡನ್ನು ಕೈಯಲ್ಲಿ ಹಿಂದೆಮುಂದೆ ತಳ್ಳುವ ಜಾಗ್ ವೀಲು, ಮಿನುಗುವ ಲೈಟು. ನೀವು ಅದನ್ನು ಎತ್ತಿ ತಿರುಗಿಸಿ ಬೆನ್ನು ನೋಡಿ.

ಯಾಕೆಂದರೆ ನಾನು ನೋಡಿರಲಿಲ್ಲ. ನನ್ನ ಮೊದಲ ಕಂಟ್ರೋಲರಿಗೆ (ಯಾವ ಕಂಪನಿ ಅಂತ ಹೇಳುವುದು ಬೇಡ, ತಪ್ಪು ನನ್ನದೇ) ಹಿಂದೆ ಇದ್ದದ್ದು ಒಂದು ಜೊತೆ ಆರ್‌ಸಿಎ ಮಾತ್ರ, ಹಳೇ ಟಿವಿಗೆ ಚುಚ್ಚುತ್ತಿದ್ದೆವಲ್ಲ, ಆ ಕೆಂಪು ಬಿಳಿ ಪಿನ್ನು. ಊರಿಗೆ ತಂದು ಒಂದು ಮದುವೆ ಮನೆಯಲ್ಲಿ ಜೋಡಿಸಿದೆ. ಸೌಂಡಿನವರ ಮಿಕ್ಸರ್ ಇದ್ದದ್ದು ಅಂಗಳದ ಆಚೆ ತುದಿಯಲ್ಲಿ, ಜನರೇಟರಿನ ಪಕ್ಕ. ಉದ್ದದ ಕೇಬಲ್ ಎಳೆದು ಆನ್ ಮಾಡಿದರೆ ಹಾಡಿಗಿಂತ ಮುಂಚೆ "ಗುಂಯ್" ಅಂತ ಒಂದು ಸದ್ದು, ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ. ಕೊನೆಗೆ ಸೌಂಡಿನ ಹುಡುಗನೇ ತನ್ನ ಚೀಲದಿಂದ ಒಂದು ಡಿಐ ಬಾಕ್ಸ್ (ಸಿಗ್ನಲನ್ನು ಉದ್ದದ ಕೇಬಲಿಗೆ ಹೊಂದಿಸುವ ಚಿಕ್ಕ ಪೆಟ್ಟಿಗೆ) ತೆಗೆದು ನಡುವೆ ಹಾಕಿದ, ಸದ್ದು ನಿಂತಿತು. ನನ್ನ ಮರ್ಯಾದೆ ಅರ್ಧ ಉಳಿಯಿತು.

ವಿಷಯ ಇಷ್ಟೇ. ಆರ್‌ಸಿಎ ಕೇಬಲ್ ಎರಡು ಮೂರು ಮೀಟರಿಗೆ ಸರಿ, ಉದ್ದ ಆದಷ್ಟೂ ಸುತ್ತಲಿನ ಕರೆಂಟಿನ ಗುಂಯ್‌ಗುಡುವಿಕೆಯನ್ನು ಎಳೆದುಕೊಳ್ಳುತ್ತದೆ. ಎಕ್ಸ್‌ಎಲ್‌ಆರ್ (ಮೈಕಿಗೆ ಹಾಕುವ ಮೂರು ಪಿನ್ನಿನದ್ದು) ಕೇಬಲಿನಲ್ಲಿ ಒಂದೇ ಸಿಗ್ನಲ್ ಎರಡು ತಂತಿಯಲ್ಲಿ ಉಲ್ಟಾಪಲ್ಟಾ ಆಗಿ ಹೋಗುತ್ತದೆ, ದಾರಿಯಲ್ಲಿ ಸೇರಿಕೊಂಡ ಗಲಾಟೆ ಎರಡರಲ್ಲೂ ಒಂದೇ ಥರ ಇರುವುದರಿಂದ ಆ ತುದಿಯಲ್ಲಿ ಕಳೆದುಹೋಗುತ್ತದೆ. ಪಯೋನಿಯರ್ ಡಿಜೆಯ ಡಿಡಿಜೆ-ಎಫ್‌ಎಲ್‌ಎಕ್ಸ್4, ನ್ಯೂಮಾರ್ಕಿನ ಮಿಕ್ಸ್‌ಟ್ರ್ಯಾಕ್ ಪ್ರೊ ಎಫ್‌ಎಕ್ಸ್, ಹೊಸಬರು ಜಾಸ್ತಿ ಕೊಳ್ಳುವ ಇವೆರಡಕ್ಕೂ ಆರ್‌ಸಿಎ ಮಾತ್ರ. ಡಿಡಿಜೆ-1000, ಎಫ್‌ಎಲ್‌ಎಕ್ಸ್10 ಇಂಥವಕ್ಕೆ ಎಕ್ಸ್‌ಎಲ್‌ಆರ್ ಉಂಟು, ಜೊತೆಗೆ ಬೂತ್ ಔಟ್ ಉಂಟು, ಅಂದರೆ ನಿಮ್ಮ ಹತ್ತಿರದ ಸ್ಪೀಕರಿಗೆ ಬೇರೆ ವಾಲ್ಯೂಮ್. ಹಾಗಂತ ಮೊದಲೇ ದೊಡ್ಡದು ಕೊಳ್ಳಿ ಅಂತಲ್ಲ. ಚಿಕ್ಕದು ಕೊಂಡರೆ ಒಂದು ಡಿಐ ಬಾಕ್ಸಿನ ದುಡ್ಡನ್ನೂ ಲೆಕ್ಕಕ್ಕೆ ಸೇರಿಸಿ, ಅಷ್ಟೇ.

ಮುಂದಿನದು ಮೈಕ್. ನಮ್ಮ ಕಡೆಯ ಮೆಹಂದಿಯಲ್ಲಿ ಮೈಕ್ ಇಲ್ಲದ ಡಿಜೆ ಅಂದರೆ ಮೀನಿಲ್ಲದ ಊಟ. ಒಬ್ಬ ನಿರೂಪಕ, ನಡುವೆ ಒಬ್ಬ ಮಾವ, ಮಾವನ ಕೈಯಿಂದ ಮೈಕ್ ಕಿತ್ತುಕೊಳ್ಳುವ ಇನ್ನೊಬ್ಬ ಮಾವ. ಕೆಲವು ಅಗ್ಗದ ಮಾದರಿಗಳಲ್ಲಿ ಮೈಕ್ ಚುಚ್ಚುವ ಜಾಗವೇ ಇಲ್ಲ. ಎಫ್‌ಎಲ್‌ಎಕ್ಸ್4ರಲ್ಲಿ ಒಂದು ಉಂಟು, ಡಿಡಿಜೆ-1000ದಲ್ಲಿ ಎರಡು. ಟಾಕ್‌ಓವರ್ ಅಂತ ಇದ್ದರೆ ಒಳ್ಳೆಯದು, ಯಾರಾದರೂ ಮಾತಾಡಿದ ಕೂಡಲೇ ಹಾಡು ತಾನೇ ತಗ್ಗುತ್ತದೆ. ನಿಮ್ಮ ಒಂದು ಕೈ ಉಳಿಯುತ್ತದೆ.

ಈಗ ಜಾಗ್ ವೀಲಿಗೆ ಬರೋಣ, ಇದರಲ್ಲಿ ಹೊಸಬರು ಮೋಸ ಹೋಗುವುದು ಜಾಸ್ತಿ. "ಸಿಂಕ್ ಬಟನ್ ಉಂಟಲ್ವಾ, ವೀಲ್ ಎಂತಕ್ಕೆ?" ಅನ್ನುತ್ತಾರೆ. ಸಿಂಕ್ ಅಂದರೆ ಎರಡು ಹಾಡಿನ ವೇಗ, ಬೀಟ್ ತಾನೇ ಹೊಂದಿಸುವ ಬಟನ್. ಕಂಪ್ಯೂಟರಿನಲ್ಲಿ ಮಾಡಿದ ಹಾಡಿಗೆ ಸಿಂಕ್ ಸಾಕು, ಅದರ ಬೀಟ್ ಗಡಿಯಾರದ ಹಾಗೆ. ಆದರೆ ಹಳೇ ಕೊಂಕಣಿ ಬೈಲಾ, ಆ ಕುಣಿತದ ಹಾಡು, ಹಾಕಿ ನೋಡಿ. ಅದನ್ನು ನುಡಿಸಿದವರು ಮನುಷ್ಯರು, ಖುಷಿ ಬಂದಾಗ ಓಡಿಸುತ್ತಾರೆ. ಮೇಲಾಗಿ ಅದರ ನಡೆ ಆರೆಂಟರ (6/8) ತಾಳದ್ದು, ಸಾಫ್ಟ್‌ವೇರ್ ಅದನ್ನು ನಾಲ್ಕು ನಾಲ್ಕಾಗಿ ಕತ್ತರಿಸಲು ಹೋಗಿ ಬೀಟ್‌ಗ್ರಿಡ್ (ಬೀಟ್ ಬೀಳುವ ಜಾಗದ ಗುರುತು) ಎಲ್ಲೆಲ್ಲೋ ಹಾಕುತ್ತದೆ. ಹುಲಿವೇಷದ ತಾಸೆಯ ರೆಕಾರ್ಡಿಂಗ್ ಅಂತೂ ಕೇಳುವುದೇ ಬೇಡ. ಅದನ್ನು ಸಿಂಕಿಗೆ ಬಿಟ್ಟರೆ ಹುಲಿ ಕುಂಟುತ್ತದೆ, ಕುಣಿಯುವುದಿಲ್ಲ. ಅಂಥ ಕಡೆ ಕಿವಿಯಲ್ಲಿ ಕೇಳಿ ಕೈಯಲ್ಲಿ ತಳ್ಳಬೇಕು, ಅದಕ್ಕೆ ದೊಡ್ಡ ವೀಲು, ಹಾಡಿನ ವೇಗ ಬದಲಿಸುವ ಉದ್ದದ ಪಿಚ್ ಫೇಡರ್ ಬೇಕು. ಈ ಒಂದು ವಿಷಯದಲ್ಲಿ ಮಿಕ್ಸ್‌ಟ್ರ್ಯಾಕ್ ಪ್ರೊ ಎಫ್‌ಎಕ್ಸ್ ನನಗೆ ಇಷ್ಟ, ಚಿಕ್ಕ ರೇಟಿನದ್ದಾದರೂ ಆರು ಇಂಚಿನ ವೀಲು ಕೊಟ್ಟಿದ್ದಾರೆ. ನಮ್ಮೂರಲ್ಲಿ ಬಾರಿಸುವವರು ಅಂಗಡಿಯ ಡೆಮೊ ಹಾಡು ಬಿಟ್ಟು ತಮ್ಮದೇ ನಾಲ್ಕು ಬೈಲಾ ಪೆನ್‌ಡ್ರೈವಿನಲ್ಲಿ ಒಯ್ದು ಟೆಸ್ಟ್ ಮಾಡಬೇಕು.

ಎಫೆಕ್ಟ್ಸ್ ಎಷ್ಟು, ಪ್ಯಾಡ್ ಮೋಡ್ ಎಷ್ಟು ಅಂತ ತಲೆ ಕೆಡಿಸಿಕೊಳ್ಳಬೇಡಿ. ಎಕೋ, ಫಿಲ್ಟರ್, ಹಾಟ್ ಕ್ಯೂ (ಹಾಡಿನಲ್ಲಿ ಗುರುತಿಟ್ಟ ಜಾಗಕ್ಕೆ ಹಾರುವುದು), ಲೂಪ್ ಇಷ್ಟರಲ್ಲೇ ರಾತ್ರಿ ಕಳೆಯುತ್ತದೆ. ನಾಲ್ಕು ಚಾನೆಲ್ (ಒಟ್ಟಿಗೆ ನಾಲ್ಕು ಹಾಡು) ಕೂಡ ಸುಮ್ನೆ, ಎರಡು ವರ್ಷ ಎರಡೇ ಚಾನೆಲ್ ಸಾಕು.

ಲ್ಯಾಪ್‌ಟಾಪಿನಲ್ಲಿ ಹಾಡು ನಡೆಸುವ ಸಾಫ್ಟ್‌ವೇರ್ (ರೆಕಾರ್ಡ್‌ಬಾಕ್ಸ್, ಸೆರಾಟೊ ಇಂಥವು) ಮಾತ್ರ ಸರಿಯಾಗಿ ಕೇಳಿ. ಎಫ್‌ಎಲ್‌ಎಕ್ಸ್4 ಜೋಡಿಸಿದರೆ ರೆಕಾರ್ಡ್‌ಬಾಕ್ಸ್ ದುಡ್ಡಿಲ್ಲದೆ ತೆರೆದುಕೊಳ್ಳುತ್ತದೆ, ಆದರೆ ಸೆರಾಟೊದಲ್ಲಿ ಸಿಗುವುದು ಲೈಟ್ ಮಾತ್ರ, ಪ್ರೊ ಬೇಕಿದ್ದರೆ ಬೇರೆ ದುಡ್ಡು. ಎಫ್‌ಎಲ್‌ಎಕ್ಸ್10 ರೆಕಾರ್ಡ್‌ಬಾಕ್ಸ್, ಸೆರಾಟೊ ಪ್ರೊ ಎರಡನ್ನೂ ತೆರೆಯುತ್ತದೆ. ಮತ್ತೆ ಒಂದು, ಆಫೀಸ್ ಲ್ಯಾಪ್‌ಟಾಪ್ ನಂಬಿ ಕೊಳ್ಳಬೇಡಿ. ನಮ್ಮ ರೂಮಿನ ಒಬ್ಬ ಹಾಗೆ ಕೊಂಡ. ಮನೆಗೆ ತಂದು ಜೋಡಿಸಿದರೆ ಡ್ರೈವರ್ ಹಾಕಲು ಅಡ್ಮಿನ್ ಪಾಸ್‌ವರ್ಡ್ ಕೇಳಿತು, ಐಟಿಯವರ ಹತ್ತಿರ ಹೋಗಿ ಡಿಜೆ ಅಂತ ಹೇಳುವ ಧೈರ್ಯ ಅವನಿಗೆ ಬರಲಿಲ್ಲ. ಒಂದು ವರ್ಷ ಅದು ಮಂಚದಡಿಯಲ್ಲಿತ್ತು.

ಲ್ಯಾಪ್‌ಟಾಪೇ ಬೇಡ ಅನ್ನುವವರಿಗೆ ಸ್ಟ್ಯಾಂಡ್‌ಅಲೋನ್ ಉಂಟು, ಪೆನ್‌ಡ್ರೈವ್ ಚುಚ್ಚಿದರೆ ಸಾಕು. ಎಕ್ಸ್‌ಡಿಜೆ-ಆರ್‌ಎಕ್ಸ್3, ಡೆನಾನಿನ ಪ್ರೈಮ್ 4 ಹಾಗೆ. ಚಂದ ಉಂಟು, ಆದರೆ ಕರೆಂಟ್ ಹೋದರೆ? ಮಳೆಗಾಲದ ಮೊದಲ ಗುಡುಗಿಗೆ ನಮ್ಮಲ್ಲಿ ಎಂತ ಆಗುತ್ತದೆ ಅಂತ ಗೊತ್ತಲ್ವಾ. ಇವು ಆಫ್ ಆಗುತ್ತವೆ, ಕರೆಂಟ್ ಬಂದ ಮೇಲೆ ಮತ್ತೆ ಮೊದಲಿಂದ ಆನ್ ಆಗಬೇಕು. ಎಫ್‌ಎಲ್‌ಎಕ್ಸ್4 ಯುಎಸ್‌ಬಿಯಿಂದಲೇ ಕರೆಂಟ್ ತೆಗೆದುಕೊಳ್ಳುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿ ಇರುವ ತನಕ ಅದಕ್ಕೇನೂ ಆಗುವುದಿಲ್ಲ, ಜನರೇಟರ್ ಎದ್ದ ಕೂಡಲೇ ಹಾಡು ಮತ್ತೆ ಕೇಳಿಸುತ್ತದೆ. ಅಗ್ಗದ್ದು ದೊಡ್ಡದನ್ನು ಸೋಲಿಸುವ ಜಾಗ ಇದು. ಡೆನಾನಿನ ಪ್ರೈಮ್ ಗೋದಲ್ಲಿ ಒಳಗೇ ಬ್ಯಾಟರಿ ಉಂಟು, ಅದೂ ಒಂದು ದಾರಿ.

ಬಜ್ಪೆ ಏರ್‌ಪೋರ್ಟಿಗೆ ತರುವ ಲೆಕ್ಕ ಕೂಡ ಕೊಳ್ಳುವಾಗಲೇ ಹಾಕಿ. ಎಫ್‌ಎಲ್‌ಎಕ್ಸ್4ರ ಅಗಲ 48 ಸೆಂಟಿಮೀಟರ್, ತೂಕ 2.1 ಕಿಲೋ, ಕೈಚೀಲದಲ್ಲಿ ಬಟ್ಟೆಯ ನಡುವೆ ಕೂರುತ್ತದೆ. ಡಿಡಿಜೆ-1000 ಅಂದರೆ 71 ಸೆಂಟಿಮೀಟರ್, 6 ಕಿಲೋ. ಆರ್‌ಎಕ್ಸ್3 9.3 ಕಿಲೋ, ಅದನ್ನು ಲಗೇಜಿಗೆ ಹಾಕಿದರೆ ಅಮ್ಮನಿಗೆ ಖರ್ಜೂರ, ಹಾಲಿನ ಪುಡಿ ತರಲು ಜಾಗ ಇರುವುದಿಲ್ಲ, ಮತ್ತೆ ಮಾತು ಕೇಳಬೇಕು. ಬಿಲ್ ಕೈಯಲ್ಲೇ ಇರಲಿ. ಡ್ಯೂಟಿ ಇಲ್ಲದೆ ತರಬಹುದಾದ ಮಿತಿ ಹೊರಡುವ ವಾರ ಕಸ್ಟಮ್ಸಿನ ಸೈಟಿನಲ್ಲೇ ನೋಡಿ, ಮೀರಿದರೆ ಕೆಂಪು ದಾರಿಯಲ್ಲಿ ಹೋಗಿ ಹೇಳಿಬಿಡಿ. ಅಲ್ಲಿಯ ವಾರಂಟಿ ಇಲ್ಲಿ ನಡೆಯುತ್ತದಾ ಅಂತ ಅಂಗಡಿಯಲ್ಲೇ ಕೇಳಿ, ಬಹಳ ಸಲ ನಡೆಯುವುದಿಲ್ಲ.

ದುಬೈಯಲ್ಲೇ ಪಾರ್ಟಿಗೆ ಬಾರಿಸಿ ದುಡ್ಡು ಮಾಡ್ತೇನೆ ಅನ್ನುವವರಿಗೆ: ಬೇರೆ ಕೆಲಸದ ವೀಸಾದಲ್ಲಿದ್ದುಕೊಂಡು ಪರ್ಮಿಟ್ ಇಲ್ಲದೆ ಆ ಕೆಲಸ ಬೇಡ. ಊರಲ್ಲೂ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಹಾಕುವ ಹಾಗಿಲ್ಲ, 2000ದ ಶಬ್ದ ಮಾಲಿನ್ಯ ನಿಯಮ. ಮಾವಂದಿರು "ಇನ್ನೊಂದು ಹಾಡು" ಅಂತಾರೆ, ಪೊಲೀಸರು ಬಂದಾಗ ಅವರು ಊಟದ ಪಂಕ್ತಿಯಲ್ಲಿರುತ್ತಾರೆ.

ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ ಫೋಟೋ ನೋಡಿ ದುಡ್ಡು ಕಳಿಸಬೇಡಿ, ನಿಮ್ಮ ಲ್ಯಾಪ್‌ಟಾಪ್ ಹಿಡಿದುಕೊಂಡು ಹೋಗಿ. ಒಂದು ಹಾಡಿನಿಂದ ಇನ್ನೊಂದಕ್ಕೆ ಜಾರಿಸುವ ಕ್ರಾಸ್‌ಫೇಡರನ್ನು ನಿಧಾನವಾಗಿ ಒಂದು ತುದಿಗೆ ಒಯ್ಯಿರಿ, ಆಚೆಯ ಹಾಡು ಪೂರ್ತಿ ನಿಲ್ಲಬೇಕು, ಸ್ವಲ್ಪ ಸೋರಿದರೂ ಕೊಳ್ಳಬೇಡಿ. ಪ್ರತಿ ಪ್ಯಾಡ್ ಒತ್ತಿ. ಹೆಡ್‌ಫೋನ್ ಪಿನ್ನನ್ನು ಅಲ್ಲಾಡಿಸಿ, ಒಂದು ಕಿವಿ ಹೋಗಿ ಬಂದರೆ ಜ್ಯಾಕ್ ಸಡಿಲ. ಯುಎಸ್‌ಬಿ ಹತ್ತಿರವೂ ಹಾಗೇ ಮಾಡಿ. ಊರಿಗೆ ತಂದ ಮೇಲೆ ಪೆಟ್ಟಿಗೆಯಲ್ಲಿ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ನಮ್ಮ ಕಡಲಿನ ಗಾಳಿಗೆ ಕಬ್ಬಿಣದ ಗೇಟೇ ಎರಡು ವರ್ಷದಲ್ಲಿ ಉದುರುತ್ತದೆ, ಫೇಡರ್ ಯಾವ ಲೆಕ್ಕ.

ಸೌಂಡಿನವರ ಟೆಂಪೋ ಬಂತು. ಅವರ ಹತ್ತಿರ ಡಿಐ ಬಾಕ್ಸ್ ಉಂಟಾ ಅಂತ ಕೇಳಿ ಬರುತ್ತೇನೆ, ನನ್ನದು ಕರಾಮದಲ್ಲೇ ಉಳಿಯಿತು.